ಹಗ್ಗ ಹಿಡಿದವಳ ಉಸಿರು

ಬಾವಿಯೊಳಗಿನ ಕಪ್ಪೆಗೆ ಲೋಕ ಗೊತ್ತಿಲ್ಲ ಎನ್ನುತ್ತಾರೆ. ನನ್ನ ಮಟ್ಟಿಗೆ ಇದು ಶುದ್ಧ ಸುಳ್ಳು. ಉಡುಪಿ, ಕಾಪು, ಕಾರ್ಕಳ, ಮಣಿಪಾಲದ ಲೋಕವನ್ನು ನಾನು ಬಾವಿಗಳ ಒಳಗಿನಿಂದಲೇ ತಿಳಿದುಕೊಂಡವನು. ನೀರಿಗೆ ಬಿದ್ದ ಕೊಡಪಾನ, ಚೆಂಬು, ಚಿನ್ನ ತೆಗೆದುಕೊಡುವುದು, ಬೇಸಿಗೆಯಲ್ಲಿ ಕೆಸರು ತೆಗೆಯುವುದು, ಕೊನೆಕೊನೆಗೆ ಪಂಪಿನ ಕೊಳವೆಯ ತುದಿಯಲ್ಲಿ ಸಿಕ್ಕಿಕೊಂಡ ಕಸ ಬಿಡಿಸುವುದು ನನ್ನ ಉದ್ಯೋಗವಾಗಿತ್ತು. ನನಗೆ ಎರಡೂ ಕಣ್ಣು ಕಾಣುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಡುವೆ ಹೇಳಿದರೆ ಕೇಳುವವರು ಹೌಹಾರುತ್ತಾರೆ, ನನ್ನ ಕಥೆಯೂ ಅಲ್ಲಿಗೇ ನಿಂತುಹೋಗುತ್ತದೆ.

ಮೊನ್ನೆ ಇಬ್ಬರು ಯುವಕರು ಬಂದಿದ್ದರು. ಬಾವಿ ಸ್ವಚ್ಛ ಮಾಡುವ ಕೆಲಸಕ್ಕೆ ಹೊಸದಾಗಿ ಇಳಿದವರಂತೆ. ಟೊಪ್ಪಿಗೆ ಕಟ್ಟುವ ದೀಪ, ಬೆನ್ನಿಗೆ ಹಾಕುವ ಗಾಳಿಯ ಸಿಲಿಂಡರು, ನೈಲಾನ್ ಹಗ್ಗ ಎಲ್ಲವನ್ನೂ ನನ್ನ ಕೈಗೆ ಕೊಟ್ಟು ತೋರಿಸಿದರು. ನಿಮ್ಮ ಕಾಲದಲ್ಲಿ ಹೇಗಿತ್ತು, ಬರೆಸಿಕೊಡಿ ಅಜ್ಜಾ ಎಂದರು. ಹಾಗಾಗಿ ನಾನು ಹೇಳುತ್ತೇನೆ, ಮಗಳು ಬರೆಯುತ್ತಾಳೆ. ಅವಳು ಶಾಲೆಯ ಟೀಚರು. ನನ್ನ ವಾಕ್ಯಗಳನ್ನು ತಿದ್ದುವ ಚಟ ಉಂಟು. ಓದುವಾಗ ಎಲ್ಲಾದರೂ ಭಾಷೆ ತುಂಬ ಚಂದವಾಗಿ ಕಂಡರೆ ಅದು ಅವಳದ್ದು.

ಚಿಕ್ಕಂದಿನಲ್ಲಿ ಸಿಡುಬು ಬಂದು ಕಣ್ಣು ಹೋಯಿತು. ಬೆಳಕಿನ ನೆನಪೂ ನನಗಿಲ್ಲ, ಆದ್ದರಿಂದ ಅದರ ದುಃಖವೂ ಅಷ್ಟಿಲ್ಲ. ನಮ್ಮ ಮನೆ ಕಡಿಯಾಳಿಯಲ್ಲಿ. ಅಮ್ಮ ನನ್ನನ್ನು ಜಗಲಿಯ ಕಂಬಕ್ಕೆ ಕಟ್ಟಿದ ಕರುವಿನ ಹಾಗೆ ಸಾಕಿದಳು. ಅತ್ತ ಹೋಗಬೇಡ, ಇತ್ತ ಹೋಗಬೇಡ. ಆದರೆ ಮಾವ ನನಗೆ ಕದ್ದುಮುಚ್ಚಿ ಈಜು ಕಲಿಸಿದ್ದ. ಒಂದು ದಿನ ಅಮ್ಮನ ತಾಮ್ರದ ಕೊಡಪಾನ ಹಗ್ಗ ಹರಿದು ಬಾವಿಗೆ ಬಿತ್ತು. ಅದು ಅವಳ ತವರಿನದ್ದು. ಅವಳು ಅಳುವುದನ್ನು ಕೇಳಲಾಗದೆ, ಯಾರಿಗೂ ಹೇಳದೆ, ಗೋಡೆಯ ಮೆಟ್ಟುಗಳಲ್ಲಿ ಕಾಲಿಟ್ಟು ಇಳಿದು ಮುಳುಗಿ ತೆಗೆದೆ. ಆಗ ನನಗೆ ಮೀಸೆ ಮೂಡುತ್ತಿದ್ದ ಪ್ರಾಯ. ಕೊಡಪಾನ ಸಿಕ್ಕಿದ್ದಕ್ಕೆ ಅಮ್ಮ ನಕ್ಕಳು, ಆಮೇಲೆ ಅದೇ ಕೊಡಪಾನದಿಂದ ನನ್ನ ಬೆನ್ನಿಗೆ ಎರಡು ಬಾರಿಸಿದಳು.

ಈ ಸುದ್ದಿ ಊರೂರು ಸುತ್ತಿ ಕಾಪುವಿನ ಲಾಜರ್ ಪೊರ್ಬುಗಳ ಕಿವಿಗೆ ಬಿತ್ತು. ನಮ್ಮ ಕಡೆ ಕ್ರೈಸ್ತ ಹಿರಿಯರನ್ನು ಪೊರ್ಬುಗಳು ಎನ್ನುವುದು ರೂಢಿ. ಬಾವಿಗೆ ಇಳಿಯುವುದರಲ್ಲಿ ಅವರನ್ನು ಬಿಟ್ಟರೆ ಇನ್ನೊಬ್ಬರಿರಲಿಲ್ಲ. ಅವರು ನಮ್ಮ ಮನೆಗೇ ಬಂದು, ನನ್ನ ಎದೆಯನ್ನು ಬೆರಳಿನಿಂದ ಬಡಿದು ನೋಡಿ, ಅಮ್ಮನ ಹತ್ತಿರ ನನ್ನನ್ನು ಕೇಳಿದರು. ಕಣ್ಣು ಕಾಣದವನನ್ನು ಬಾವಿಗೆ ಇಳಿಸುತ್ತೀರಾ ಎಂದು ಅಮ್ಮ ಜಗಳಕ್ಕೆ ನಿಂತಳು.

"ಅಲ್ಲಮ್ಮಾ, ಬಾವಿಯ ಅಡಿಯಲ್ಲಿ ನನಗೆ ಮಾತ್ರ ಎಂತ ಕಾಣ್ತದೆ? ನಾನು ಇಷ್ಟು ವರ್ಷ ಕಣ್ಣು ಮುಚ್ಚಿಯೇ ದುಡಿದದ್ದು" ಎಂದರು ಪೊರ್ಬುಗಳು.

ನನ್ನ ಮೇಲಧಿಕಾರಿ ಎಂದರೆ ಅವರೊಬ್ಬರೇ. ಮುಂಗೋಪಿ. ಹಗ್ಗವನ್ನು ತಪ್ಪಾಗಿ ಸುತ್ತಿಟ್ಟರೆ ಕೊಂಕಣಿಯಲ್ಲಿ ಬೈಯುತ್ತಿದ್ದರು, ಅರ್ಥವಾಗದಿದ್ದರೆ ತುಳುವಿನಲ್ಲಿ ಅನುವಾದಿಸುತ್ತಿದ್ದರು. ಕಾಪುವಿನ ಕಡಲಬದಿಯ ಮರಳು ಬಾವಿ ಹೇಗೆ ಕುಸಿಯುತ್ತದೆ, ಉಡುಪಿಯ ಕೆಂಪು ಮುರಕಲ್ಲಿನ ಗೋಡೆ ಎಲ್ಲಿ ಕೈಗೆ ಹಿಡಿತ ಕೊಡುತ್ತದೆ, ಕಾರ್ಕಳದ ಕರಿಬಂಡೆಯ ಬಾವಿಯಲ್ಲಿ ದನಿ ಹೇಗೆ ಮರಳಿ ಬರುತ್ತದೆ, ಎಲ್ಲ ಅವರು ಕಲಿಸಿದ್ದು. ಬಾವಿಕಟ್ಟೆಯಲ್ಲಿ ನಿಂತು ಒಮ್ಮೆ ಕೆಮ್ಮಿದರೆ ಸಾಕು, ನೀರು ಎಷ್ಟು ಕೆಳಗಿದೆ ಎಂದು ನನಗೆ ತಿಳಿಯುತ್ತಿತ್ತು. ಕೊಕ್ಕೆಗಳ ಗೊಂಚಲಾದ ಪಾತಾಳಗರಡಿಯನ್ನು ಹಗ್ಗಕ್ಕೆ ಕಟ್ಟಿ ಮೊದಲು ಮೇಲಿನಿಂದಲೇ ಹುಡುಕುವುದು, ಅದಕ್ಕೆ ಸಿಗದಿದ್ದರೆ ಇಳಿಯುವುದು. ಇಳಿದವನು ಹಗ್ಗವನ್ನು ಎರಡು ಸಲ ಜಗ್ಗಿದರೆ ಮೇಲಿನವರು ಎಳೆಯಬೇಕು.

ಆದರೆ ಎಲ್ಲಕ್ಕಿಂತ ದೊಡ್ಡ ನಿಯಮ ಒಂದಿತ್ತು. ಕೆಳಗಿನವನು ನೀರಿಗೆ ಮುಳುಗಿದ ಕೂಡಲೇ ಮೇಲೆ ಹಗ್ಗ ಹಿಡಿದವನೂ ಬಾಯಿ ಮುಚ್ಚಿ ಉಸಿರು ಹಿಡಿಯಬೇಕು. ತನಗೆ ಇನ್ನು ತಡೆಯಲಾಗುವುದಿಲ್ಲ ಎನಿಸಿದ ಗಳಿಗೆಯಲ್ಲಿ ಎಳೆಯಬೇಕು. ಕೆಳಗಿನವನಿಗೆ ವಸ್ತು ಸಿಕ್ಕಿತೋ ಇಲ್ಲವೋ ಎಂಬ ಯೋಚನೆ ಅವನಿಗೆ ಬೇಡ. ಹುಡುಕುವವನಿಗೆ ಇನ್ನೊಂದು ಚೂರು, ಇನ್ನೊಂದು ಚೂರು ಎಂಬ ಆಸೆ. ಆ ಆಸೆಯಲ್ಲೇ ಪೊರ್ಬುಗಳ ಅಣ್ಣ ಬಾವಿಯಲ್ಲಿ ತೀರಿಕೊಂಡಿದ್ದರು. ಮೇಲಿದ್ದವರು ಮಾತಿಗೆ ಬಿದ್ದು ಮರೆತಿದ್ದರು. ನಿಯಮ ಹುಟ್ಟಿದ್ದು ಹಾಗೆ.

ಮೊದಮೊದಲು ಬಾವಿಯ ಮನೆಯವರು ನನ್ನನ್ನು ಇಳಿಯಗೊಡುತ್ತಿರಲಿಲ್ಲ. ಹಗಲು ಕಂಡ ಬಾವಿಗೆ ಇರುಳು ಬಿದ್ದರಂತೆ ಎಂದು ಗಾದೆ ಹೇಳಿ ನಗುತ್ತಿದ್ದರು. ನನಗೆ ಹಗಲೂ ಇಲ್ಲ, ಇರುಳೂ ಇಲ್ಲ, ಹಾಗಾಗಿ ಬೀಳುವ ಪ್ರಶ್ನೆಯೂ ಇಲ್ಲ ಎಂದು ನಾನೂ ನಗುತ್ತಿದ್ದೆ. ಒಳಗೆ ಮಾತ್ರ ಉರಿಯುತ್ತಿತ್ತು. ಈ ಕೆಲಸ ತಪ್ಪಿದರೆ ನನಗೆ ಉಳಿಯುವುದು ಅಮ್ಮನ ಜಗಲಿ.

ಹಾಗೆಂದು ನಾನೇನು ಎಡವದ ಮಹಾಶಯನಲ್ಲ. ಕಾಪುವಿನ ಒಂದು ಮನೆಯಲ್ಲಿ ಕಂಚಿನ ಬಟ್ಟಲು ಬಿದ್ದಿತ್ತು. ನಾನು ಮುಳುಗಿ ತಡಕಿದೆ. ಅಂಗೈಯಗಲದ, ಬೋರಲು ಬಿದ್ದ, ನುಣುಪಾದ ವಸ್ತು ಸಿಕ್ಕಿತು. ಬುಟ್ಟಿಗೆ ಹಾಕಿ ಹೆಮ್ಮೆಯಿಂದ ಮೇಲೆ ಕಳುಹಿಸಿದೆ. ಮೇಲೆ ಮನೆಯ ಹೆಂಗಸು ಕಿಟಾರನೆ ಕಿರುಚಿ ಬುಟ್ಟಿ ಕೈಬಿಟ್ಟಳು, ಅದು ನೇರ ನನ್ನ ತಲೆಯ ಮೇಲೆ ಬಂತು. ನೀರು ಶುದ್ಧವಾಗಿರಲೆಂದು ಅವಳ ಅತ್ತೆ ಬಾವಿಗೆ ಬಿಟ್ಟ ಆಮೆ ಅದು. ಅದರ ಬೆನ್ನು ಸವರಿ ನಾನು ಬಟ್ಟಲು ಎಂದುಕೊಂಡಿದ್ದೆ. ಆಮೆ ಪಾಪ, ತಲೆ ಒಳಗೆಳೆದುಕೊಂಡು ಮರ್ಯಾದೆಯಿಂದಿತ್ತು. ಪೊರ್ಬುಗಳು ಅಂದಿನಿಂದ ಎಲ್ಲಿ ಹೋದರೂ, ಬಾವಿಯಲ್ಲಿ ಆಮೆ ಉಂಟಾ ಎಂದು ಮೊದಲು ವಿಚಾರಿಸಿ ನನ್ನನ್ನು ಕೆಣಕುತ್ತಿದ್ದರು. ಎಳೆಯರೇ, ನೀವೂ ವಿಚಾರಿಸಿ.

ತಿರುಗಾಟವೇ ನನಗೆ ದೊಡ್ಡ ಸುಖವಾಗಿತ್ತು. ಹೆಗಲಿಗೆ ಹಗ್ಗ, ಕೈಯಲ್ಲಿ ಕೋಲು. ಬಸ್ಸಿನ ಕಂಡಕ್ಟರರಿಗೆ ನನ್ನ ಪರಿಚಯವಾಗಿ, ಪಾತಾಳಗರಡಿ ಪ್ರಯಾಣಿಕರ ಸೀರೆಗೆ ಸಿಕ್ಕಬಾರದೆಂದು ಅದನ್ನು ಮೇಲೆ ಟಾಪಿಗೆ ಹಾಕುತ್ತಿದ್ದರು. ಸೇತುವೆ ಇಲ್ಲದ ಹೊಳೆಗಳನ್ನು ದೋಣಿಯಲ್ಲಿ ದಾಟುತ್ತಿದ್ದೆವು. ಒಮ್ಮೆ ಮಲ್ಪೆಯಲ್ಲಿ ಕೆಲಸ ಬೇಗ ಮುಗಿದು, ನನಗೆ ಸೈಕಲ್ ಬಿಡುವ ಹುಚ್ಚು ಹತ್ತಿತು. ಕಡಲ ಇಳಿತದ ಹೊತ್ತು, ಮರಳು ಅಂಗಳದಂತೆ ಗಟ್ಟಿ. ಪೊರ್ಬುಗಳು ಹಿಂದಿನಿಂದ ಓಡುತ್ತ ಎಡಕ್ಕೆ, ಬಲಕ್ಕೆ ಎಂದು ಕೂಗಿದರು. ಮುಖಕ್ಕೆ ಗಾಳಿ ಹೊಡೆಯುತ್ತ ಹೋದ ಆ ಓಟವನ್ನು ನೆನೆದರೆ ಈಗಲೂ ಮೈ ಹಗುರಾಗುತ್ತದೆ. ಕೊನೆಗೆ ಪೊರ್ಬುಗಳಿಗೆ ಏದುಸಿರು ಬಂದು ಕೂಗು ನಿಂತಿತು, ನಾನು ಒಣಗಲು ಹಾಕಿದ ಬಲೆಯೊಳಗೆ ಸೈಕಲ್ ಸಮೇತ ಹೊಕ್ಕೆ. ಬಲೆಯ ಯಜಮಾನತಿ ಬೈದ ಬೈಗುಳ ಇಲ್ಲಿ ಬೇಡ ಎಂದು ಮಗಳು ಹೇಳುತ್ತಿದ್ದಾಳೆ.

ಆ ಏದುಸಿರೇ ಮುಂದೆ ಪೊರ್ಬುಗಳಿಗೆ ಉಬ್ಬಸವಾಯಿತು. ಅವರು ಹಗ್ಗ ಹಿಡಿದರೆ ನಾನು ಮುಳುಗುವ ಮೊದಲೇ ಎಳೆಯುವ ಹಾಗಾಯಿತು. ಹಾಗೆ ಒಂದು ದಿನ ಕಾರ್ಕಳದ ಮನೆಯೊಂದಕ್ಕೆ ನಾನೊಬ್ಬನೇ ಹೋದೆ. ಅಲ್ಲಿನ ಆಳು ಹಗ್ಗ ಹಿಡಿದ. ನಿಯಮವನ್ನು ಅವನಿಗೆ ಸರಿಯಾಗಿ ಹೇಳಿಕೊಟ್ಟಿದ್ದೆ. ಬಂಡೆಯ ಸಂದಿಯಲ್ಲಿ ಸಿಕ್ಕಿದ್ದ ಚೆಂಬನ್ನು ಬಿಡಿಸುತ್ತ ನಾನು ಮೈಮರೆತೆ. ಎಳೆತ ಬರಲೇ ಇಲ್ಲ. ಎದೆ ಒಡೆಯುವ ಹಾಗಾದಾಗ ಒದ್ದಾಡಿ ಮೇಲೆ ಬಂದು, ನೀನು ಉಸಿರು ಹಿಡಿದಿದ್ದೆಯಾ ಎಂದು ಕೇಳಿದೆ. ಹೌದೆಂದ. ಆಗ ಬಾವಿಕಟ್ಟೆಯ ಆಚೆಯಿಂದ ಒಂದು ಹೆಣ್ಣುದನಿ ಬಂತು.

"ಸುಳ್ಳು. ಇವರು ಬೀಡಿ ಎಳೀತಾ ಇದ್ದರು."

ಅವಳು ಗುಲಾಬಿ. ಆ ಮನೆ ಅವಳ ಸೋದರಮಾವನದು. ಕೊಡಿ, ನಾನು ಹಿಡಿಯುತ್ತೇನೆ ಎಂದು ಹಗ್ಗವನ್ನು ಕಿತ್ತುಕೊಂಡಳು. ದಿನ ಬೆಳಗಾದರೆ ನೀರು ಸೇದುವವಳಿಗೆ ಹಗ್ಗ ಹೊಸತೇ? ಮೊದಲ ಸಲ ಹೆದರಿ ಬೇಗ ಎಳೆದಳು, ನಾನು ರೇಗಿದೆ. ಎರಡನೆಯ ಸಲ ನನಗೆ ಇನ್ನು ಸಾಕು ಎನಿಸಿದ ಹೊತ್ತಿಗೇ ಸರಿಯಾಗಿ ಎಳೆತ ಬಂತು. ಚೆಂಬೂ ಬಂತು. ಅವಳ ಎದೆಯೂ ನನ್ನ ಎದೆಯೂ ಒಂದೇ ಅಳತೆಯವು ಎಂದು ನೀರಿನಲ್ಲೇ ನನಗೆ ಗೊತ್ತಾಯಿತು.

ಮದುವೆ ಕೇಳಲು ಪೊರ್ಬುಗಳೇ ಹೋದರು. ಕಣ್ಣು ಕಾಣದವನಿಗೆ ಹೆಣ್ಣು ಕೊಡುವುದೂ ಹಾಳುಬಾವಿಗೆ ತಳ್ಳುವುದೂ ಒಂದೇ ಎಂದರಂತೆ ಅವಳ ಮಾವ. "ಬಾವಿಗೆ ಇಳಿಯುವವ ಅವನು ಮಾರಾಯ್ರೆ, ಇವಳು ಕಟ್ಟೆಯಲ್ಲಿ ನಿಲ್ಲುವವಳು" ಎಂದರಂತೆ ಪೊರ್ಬುಗಳು. ಮಾವನಿಗೆ ನಗು ಬಂತು. ನಕ್ಕ ಮೇಲೆ ಇಲ್ಲ ಎನ್ನುವುದು ಕಷ್ಟ.

ಹೆಂಗಸು ಹಗ್ಗ ಹಿಡಿಯುವುದೆಂದರೆ ಕೆಲವು ಮನೆಗಳಲ್ಲಿ ಮುಖ ಸಿಂಡರಿಸುತ್ತಿದ್ದರು. ಸಿಂಡರಿಸಿದ್ದು ನನಗೆ ಕಾಣುತ್ತಿರಲಿಲ್ಲ, ಅವಳು ಕಂಡರೂ ಲೆಕ್ಕಕ್ಕೆ ಇಡುತ್ತಿರಲಿಲ್ಲ. ನಾವಿಬ್ಬರೂ ಹೋಗದ ಊರಿಲ್ಲ. ನಿಟ್ಟೆಯ ಗದ್ದೆಬದಿಯ ಬಾವಿಗಳಿಂದ ಮಣಿಪಾಲದ ಗುಡ್ಡದ ಆಳಬಾವಿಗಳವರೆಗೆ ಕೆಲಸ ಮಾಡಿದೆವು. ಅಷ್ಟರಲ್ಲಿ ಕಾಲವೂ ಬದಲಾಯಿತು. ಊರಿಗೆ ಪಂಪುಗಳು ಬಂದವು. ಕೊಡಪಾನ ಬೀಳುವುದು ಕಡಿಮೆಯಾಯಿತು. ನನ್ನ ಅನ್ನಕ್ಕೆ ಕಲ್ಲು ಬಿತ್ತು ಎಂದುಕೊಂಡೆ. ಆದರೆ ಪಂಪಿನ ಕೊಳವೆಯ ಅಡಿಯಲ್ಲಿ ಫುಟ್‌ವಾಲ್ವ್ ಎಂಬ ಒಂದು ಬಾಯಿ ಉಂಟು, ಅದಕ್ಕೆ ಎಲೆ, ನಾರು ಸಿಕ್ಕಿಕೊಂಡರೆ ನೀರು ಏರುವುದಿಲ್ಲ. ಇಡೀ ಕೊಳವೆಯನ್ನು ಮೇಲಕ್ಕೆತ್ತುವ ಬದಲು ನಾನು ಮುಳುಗಿ ಬೆರಳಿನಿಂದ ಬಿಡಿಸಿ ಬರುತ್ತಿದ್ದೆ. ಪಂಪಿನ ಅಂಗಡಿಯವರೇ ನನ್ನನ್ನು ಕರೆಯತೊಡಗಿದರು. ಹೊಸತು ಬಂತೆಂದು ಹೆದರಬಾರದು, ಅದಕ್ಕೂ ಒಂದು ಅಡಿ ಇದ್ದೇ ಇರುತ್ತದೆ.

ಇನ್ನು ಹೇಳಬೇಕಾದದ್ದು ಶೇಖರನ ವಿಷಯ. ಅವನು ಉಡುಪಿಯ ಪಂಪು ಮೆಕ್ಯಾನಿಕ್, ಒಳ್ಳೆಯ ಕೆಲಸಗಾರ, ಆಗಷ್ಟೇ ಮದುವೆಯಾಗಿದ್ದ. ಮಣಿಪಾಲದ ಗುಡ್ಡದಲ್ಲಿ ಹೊಸ ಮನೆ ಕಟ್ಟುತ್ತಿದ್ದ ಒಬ್ಬರು, ಜಾಗದಲ್ಲಿದ್ದ ಹಳೆಯ ಬಾವಿಗೆ ಪಂಪು ಕೂರಿಸಲು ಅವನನ್ನೂ, ಕೆಸರು ತೆಗೆಯಲು ನಮ್ಮನ್ನೂ ಕರೆಸಿದ್ದರು. ವರ್ಷಗಟ್ಟಲೆ ಹಲಗೆ ಮುಚ್ಚಿಟ್ಟ ಬಾವಿ. ಅಂಥ ಬಾವಿಯ ಅಡಿಯಲ್ಲಿ ಎಲೆ ಕೊಳೆತು ಗಾಳಿ ಕೆಟ್ಟಿರುತ್ತದೆ. ಅದಕ್ಕೇ ಮೊದಲು ಲಾಟೀನು ಇಳಿಸಿ ನೋಡುವುದು. ದೀಪ ಆರಿದರೆ ಮನುಷ್ಯ ಇಳಿಯಕೂಡದು. ನೋಡಿ, ನಮ್ಮ ಕೆಲಸದಲ್ಲಿ ಕಣ್ಣು ಬೇಕೇ ಬೇಕಾದ ಒಂದು ಜಾಗ ಇದು. ದೀಪವನ್ನು ನೋಡುವವಳು ಗುಲಾಬಿ, ಅವಳು ಹೇಳಿದ್ದೇ ನನಗೆ ಕೊನೆಯ ಮಾತು.

ಅವಳು ಇಳಿಸಿ ನೋಡಿ, ಅರ್ಧದಿಂದ ಕೆಳಗೆ ದೀಪ ಸಾಯುತ್ತದೆ ಎಂದಳು. ಹಾಗಾದರೆ ಸೊಪ್ಪಿನ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಆಡಿಸಿ ಗಾಳಿ ಕಲಕಬೇಕು, ಇವತ್ತು ಇಳಿಯುವುದು ಬೇಡ ಎಂದೆ. ನಾವು ಸೊಪ್ಪು ಕಡಿಯಲು ಹಿತ್ತಿಲಿಗೆ ಹೋದೆವು. ಮನೆಯ ಯಜಮಾನರಿಗೆ ಅವಸರ, ಶೇಖರನಿಗೆ ಇನ್ನೊಂದು ಕಡೆ ಹೋಗುವ ತರಾತುರಿ. ಲಾಟೀನಿನ ಬತ್ತಿ ಸರಿ ಇಲ್ಲ, ಕೊಳವೆಯ ಉದ್ದ ಅಳೆದು ಬಂದುಬಿಡುತ್ತೇನೆ ಎಂದು ಅವನು ಗೋಡೆಯ ಮೆಟ್ಟು ಹಿಡಿದು ಇಳಿದೇಬಿಟ್ಟನಂತೆ. ನಾವು ಬರುವಾಗ ಯಜಮಾನರು ಅವನ ಹೆಸರು ಕೂಗುತ್ತಿದ್ದರು. ಬಾವಿ ಅವರ ಕೂಗನ್ನು ಮಾತ್ರ ಹಿಂದಕ್ಕೆ ಕೊಡುತ್ತಿತ್ತು.

ಮನೆ ಕಟ್ಟುವ ಕೆಲಸದ ನಾಲ್ಕು ಜನ ಸೇರಿ ಕೊಡಪಾನಗಟ್ಟಲೆ ನೀರು ಸುರಿದರು, ಕೊಂಬೆ ಆಡಿಸಿದರು. ಗಾಳಿ ಕಲಕಿ ಸರಿಯಾಗುವವರೆಗೆ ಕಾದರೆ ಅವನು ಉಳಿಯುವುದಿಲ್ಲ. ಕಣ್ಣಿದ್ದವರು ಯಾರೂ ಮುಂದೆ ಬರಲಿಲ್ಲ, ಬರಬಾರದಿತ್ತು ಕೂಡ. ನನಗೆ ಮಾತ್ರ ಒಂದು ಹೊಳೆಯಿತು. ಅಲ್ಲಿರುವುದು ಗಾಳಿಯಲ್ಲ, ನೀರು ಎಂದುಕೊಂಡರಾಯಿತು. ನೀರಿನೊಳಗೆ ಉಸಿರು ಹಿಡಿದು ಕೆಲಸ ಮಾಡುವುದೇ ನನ್ನ ಕಸುಬಲ್ಲವೇ? ನಾನು ಇಳಿಯುತ್ತೇನೆ ಎಂದೆ. ಗುಲಾಬಿ ನನ್ನ ಸೊಂಟಕ್ಕೆ ತಾನೇ ಹಗ್ಗ ಬಿಗಿದಳು.

"ದೀಪ ಸಾಯುವ ಜಾಗಕ್ಕಿಂತ ಮೇಲೆಯೇ ನಾನು ಕೂಗ್ತೇನೆ. ಅಲ್ಲಿಂದ ದಮ್ಮು ಹಿಡೀರಿ. ನನ್ನ ದಮ್ಮು ಮುಗಿದ ಕೂಡಲೇ ಎಳೀತೇನೆ. ಅವನು ಸಿಕ್ಕಿದರೂ ಸರಿ, ಸಿಗದಿದ್ದರೂ ಸರಿ, ನೀವು ಬರ್ಬೇಕು."

ಒಪ್ಪಿದೆ. ಎಳೆಯಲು ಗಂಡಸರು ನಿಂತರು, ಎಳೆಯಿರಿ ಎಂದು ಹೇಳುವವಳು ಅವಳೊಬ್ಬಳೇ. ಶೇಖರನಿಗೆ ಕಟ್ಟಲು ಇನ್ನೊಂದು ಹಗ್ಗವನ್ನು ನಾನು ಕೈಯಲ್ಲಿ ಹಿಡಿದುಕೊಂಡೆ. ಸರಸರನೆ ಇಳಿಸಿದರು. ಅವಳ ಕೂಗು ಕೇಳಿತು. ಎದೆ ತುಂಬ ಉಸಿರು ತೆಗೆದುಕೊಂಡು ಬಾಯಿ ಮುಚ್ಚಿದೆ.

ಅಡಿಯಲ್ಲಿ ಮೊಣಕಾಲು ಮುಳುಗುವಷ್ಟು ಕೆಸರು. ಶೇಖರ ಗೋಡೆಗೆ ಒರಗಿ ಕುಸಿದಿದ್ದ, ಹಾಗಾಗಿ ಮುಖ ಕೆಸರಿನ ಮೇಲಿತ್ತು. ದೇವರು ದೊಡ್ಡವನು. ಕಂಕುಳಡಿಯಲ್ಲಿ ಹಗ್ಗ ತಂದು ಗಂಟು ಹಾಕಿದೆ, ಕೆಸರಿಗೆ ಜಾರಿ ಬಿಚ್ಚಿಕೊಂಡಿತು. ಒಂದು ಕಾಲು ಹೂತುಹೋಗಿತ್ತು, ಅದನ್ನು ಕಿತ್ತು ಬಿಡಿಸಿದೆ. ಮತ್ತೆ ಗಂಟಿಗೆ ಕೈ ಹಾಕುವಾಗ ನನ್ನ ಉಸಿರು ಮುಗಿಯುತ್ತ ಬಂದಿತ್ತು. ಈಗ ಎಳೆತ ಬರುತ್ತದೆ, ನಾನೊಬ್ಬನೇ ಮೇಲೆ ಹೋಗುತ್ತೇನೆ, ಇವನು ಇಲ್ಲೇ ಉಳಿಯುತ್ತಾನೆ ಎಂದುಕೊಂಡೆ. ಎಳೆತ ಬರಲಿಲ್ಲ. ಬೆರಳು ತನ್ನಷ್ಟಕ್ಕೆ ಗಂಟನ್ನು ಬಿಗಿಯಿತು. ಎರಡು ಸಲ ಜಗ್ಗಿದೆ. ಆಮೇಲೆ ನನ್ನ ಬೆನ್ನು ಗೋಡೆಗೆ ಉಜ್ಜುತ್ತ ಏರಿದ್ದು ಮಾತ್ರ ನೆನಪು.

ನಮ್ಮಿಬ್ಬರನ್ನೂ ಗೇರುಮರದಡಿ ಮಲಗಿಸಿದ್ದರು. ನನಗೆ ಮೊದಲು ಎಚ್ಚರವಾಯಿತು. ಶೇಖರ ತುಂಬ ಹೊತ್ತಿನ ಮೇಲೆ ಕೆಮ್ಮಿ, ವಾಂತಿ ಮಾಡಿ, ತನ್ನ ಚಪ್ಪಲಿ ಎಲ್ಲಿ ಎಂದು ಕೇಳಿದ. ಎಲ್ಲರೂ ಅತ್ತು ನಕ್ಕರು. ಗುಲಾಬಿಯ ದನಿ ಮಾತ್ರ ಆ ಗುಂಪಿನಲ್ಲಿ ಇರಲಿಲ್ಲ.

ಮನೆಗೆ ಬಂದು ಕೂತ ಮೇಲೆ ಅವಳು ಹೇಳಿದಳು. "ನಾನು ಮೋಸ ಮಾಡಿದೆ. ನನ್ನ ದಮ್ಮು ಮುಗಿದಿತ್ತು. ಹಗ್ಗ ಅಲುಗ್ತಾ ಇತ್ತು, ನೀವು ಕಟ್ತಾ ಇದ್ದೀರಿ ಅಂತ ಕೈಗೆ ಗೊತ್ತಾಯ್ತು. ಎಳೀರಿ ಅಂತ ಹೇಳದೆ ಇನ್ನೊಂದು ಉಸಿರು ತಗೊಂಡೆ. ನೀವು ಸತ್ತಿದ್ದರೆ ಆ ಉಸಿರನ್ನು ಇಟ್ಟುಕೊಂಡು ನಾನು ಎಂತ ಮಾಡುವುದಿತ್ತು?"

ಆ ಒಂದು ಉಸಿರಿನಿಂದಲೇ ಅವನು ಬದುಕಿದ್ದು ಎಂದೆ. ಇರಬಹುದು, ಆದರೆ ನಾನು ಇನ್ನು ಹಗ್ಗ ಮುಟ್ಟುವುದಿಲ್ಲ ಎಂದಳು. ಬೇರೆಯವರ ಕೈಯಲ್ಲಿ ಹಗ್ಗ ಕೊಟ್ಟು ಇಳಿಯಲು ನನಗೂ ಮನಸ್ಸಿರಲಿಲ್ಲ. ಬಂದ ಕರೆಗಳನ್ನೆಲ್ಲ ಹಿಂದಕ್ಕೆ ಕಳುಹಿಸಿದೆ. ಅಮ್ಮನ ಜಗಲಿ ಮತ್ತೆ ನನ್ನ ಪಾಲಿಗೆ ಬಂತು. ಕಣ್ಣು ಹೋಗಿದೆ ಎಂದು ನನಗೆ ನಿಜವಾಗಿ ಅನಿಸಿದ್ದು ಆ ದಿನಗಳಲ್ಲಿ ಮಾತ್ರ.

ಒಂದು ಭಾನುವಾರ ಶೇಖರ ಹೆಂಡತಿಯೊಡನೆ ಬಾಳೆಗೊನೆ ಹೊತ್ತು ಬಂದ. ಆ ಹೆಣ್ಣುಮಗಳು ಒಳಗೆ ಹೋಗಿ ಗುಲಾಬಿಯ ಎರಡೂ ಕೈ ಹಿಡಿದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳಂತೆ. ಬಸುರಿ. ಅವರು ಹೋದ ಮೇಲೆ ಒಳಗಿನಿಂದ ಹಗ್ಗ ಬಿಚ್ಚಿ ಸುತ್ತುವ ಸದ್ದು ಕೇಳಿತು.

ಮರುದಿನ ಕಡಿಯಾಳಿಯಲ್ಲೇ, ನಾಲ್ಕು ಮನೆ ಆಚೆ, ಒಬ್ಬರ ಕಿವಿಯ ಬೆಂಡೋಲೆ ಬಾವಿಗೆ ಬಿದ್ದಿತ್ತು. ಗುಲಾಬಿ ಹಗ್ಗ ಹಿಡಿದು ಕಟ್ಟೆಯಲ್ಲಿ ನಿಂತಳು. ಸೀರೆಯ ಸೆರಗು ಸಿಕ್ಕಿಸಿದ್ದು, ಬಾಯಿ ಮುಚ್ಚಿದ್ದು ಎಲ್ಲ ನನಗೆ ಗೊತ್ತಾಯಿತು. ಮುಳುಗಿದೆ. ತಿಳಿನೀರು, ಗಟ್ಟಿ ತಳ. ಬೆಂಡೋಲೆ ಒಂದು ಕಲ್ಲಿನ ಬದಿಯಲ್ಲಿ ಬೆರಳಿಗೆ ತಾಗಿ ಮತ್ತೆ ಸಂದಿಗೆ ಜಾರಿತು. ಇನ್ನೊಂದು ಚೂರು ತಡಕಿದರೆ ಸಿಗುತ್ತಿತ್ತು, ನನ್ನಲ್ಲಿ ಉಸಿರೂ ಧಾರಾಳ ಇತ್ತು. ಆದರೆ ಬಿಟ್ಟು ಮೇಲೆ ಬಂದೆ.

ಎಂತ, ಸಿಗಲಿಲ್ವಾ ಎಂದು ಮನೆಯವರು ಬಗ್ಗಿ ಕೇಳಿದರು.

"ಸಿಗ್ತದೆ, ಅವಸರ ಇಲ್ಲ" ಎಂದೆ. "ಅವಳು ಮೊದಲು ಉಸಿರಾಡಲಿ."